ಕೀಟೋ ಅಂದರೆ ಸೋಮವಾರದ ಉಪವಾಸವಲ್ಲ

ಅಪ್ಪಾ,

ನಿನ್ನೆ ತಿಂಡಿಗೆ ಏನು ತಿಂದಿರಿ ಅಂದರೆ, "ಅನ್ನ ಮುಟ್ಟಿಲ್ಲ ಕಣಮ್ಮ, ಬರೀ ಉಪ್ಪಿಟ್ಟು" ಅಂತ ಎದೆಯುಬ್ಬಿಸಿ ಹೇಳಿದಿರಿ. ಅನ್ನ ಬಿಟ್ಟು ರವೆ ತಿನ್ನುವುದಕ್ಕೆ ಇದು ನಿಮ್ಮ ಸೋಮವಾರದ ಉಪವಾಸವಲ್ಲ, ಕೀಟೋ. ಅಕ್ಕಿ, ರವೆ, ಸಕ್ಕರೆ ಎಲ್ಲ ಬಿಟ್ಟು ತುಪ್ಪ, ಬೆಣ್ಣೆ, ತರಕಾರಿ ತಿನ್ನುವ ಪಥ್ಯ. ಶಿವ ಕ್ಷಮಿಸಬಹುದು, ತೂಕದ ಮಷೀನು ಕ್ಷಮಿಸುವುದಿಲ್ಲ. ಅವಲಕ್ಕಿ, ಸಬ್ಬಕ್ಕಿ, ಬಾಳೆಹಣ್ಣೂ ಬೇಡ. ಅಮ್ಮನ ಹತ್ತಿರ ಗುಟ್ಟಾಗಿ ಕೇಳುವುದೂ ಬೇಡ.

ಹೂಕೋಸು ತುರಿದು ಫ್ರಿಜ್ಜಿನಲ್ಲಿಟ್ಟಿದ್ದೇನೆ. ತುಪ್ಪದಲ್ಲಿ ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವು ಒಗ್ಗರಣೆ ಕೊಟ್ಟು ಬಾಡಿಸಿ, ಮೇಲೆ ಕಾಯಿತುರಿ ಉದುರಿಸಿ. ನೀರು ಹಾಕಬೇಡಿ, ಮುದ್ದೆಯಾಗುತ್ತದೆ. ಕಣ್ಣು ಮುಚ್ಚಿ ತಿಂದರೆ ಉಪ್ಪಿಟ್ಟೇ. ಕಣ್ಣು ಬಿಟ್ಟರೆ ನಾನು ಜವಾಬ್ದಾರಳಲ್ಲ. ಬೇಡವಾದರೆ ಪನೀರನ್ನು ಕ್ಯಾಪ್ಸಿಕಂ ಜೊತೆ ಬೆಣ್ಣೆಯಲ್ಲಿ ಹುರಿದುಕೊಳ್ಳಿ. ಬೆಣ್ಣೆ ತಿನ್ನಬಹುದು ಅಂದಿದ್ದೇನೆ, ಬೆಣ್ಣೆದೋಸೆ ಅಂದಿಲ್ಲ.

ತೂಕ ಇಳಿಯದೆ ಮಂಡಿ ಆಪರೇಷನ್ ಮಾಡುವುದಿಲ್ಲ ಅಂತ ಡಾಕ್ಟರ್ ಹೇಳಿದ ದಿನ, ಬಸವೇಶ್ವರನಗರದ ಮನೆ ಬರುವವರೆಗೂ ಆಟೋದಲ್ಲಿ ನೀವು ಮಂಡಿ ಸವರಿಕೊಳ್ಳುತ್ತಲೇ ಕೂತಿದ್ದಿರಿ. ಅದಕ್ಕೇ ನನ್ನ ಈ ಹಟ.

ಇನ್ನೊಂದು ವಿಷಯ. ಸೋಮವಾರದಿಂದ ನಾನೂ ಕೀಟೋ. ಸ್ಟಾಫ್ ರೂಮಿನಲ್ಲಿ ಎಲ್ಲರೂ ತಟ್ಟೆ ಇಡ್ಲಿ ತಿನ್ನುವಾಗ ನಾನು ಸೌತೆಕಾಯಿ ಕಡಿಯುತ್ತಾ ಕೂತಿರುತ್ತೇನೆ. ಸೌತೆಕಾಯಿ ಮುಂದೆ ನನ್ನೊಬ್ಬಳನ್ನೇ ಕೂರಿಸಬೇಡಿ.

ರಕ್ಷಾ