ನಡುವಿನ ಜೋಡಿ ಕಡ್ಡಿ

ಶ್ರೀಮನ್ಮಹಾ ನಾಗಲದಿನ್ನೆ ಸೀಮಾಧೀಶ್ವರ, ತುಂಗಭದ್ರಾ ತೀರ ವಿಹಾರಿ, ಗಮ್ಮಿನಿಂದ ಸ್ವಂತ ಬೆರಳುಗಳನ್ನೇ ಅಂಟಿಸಿಕೊಂಡ ಪ್ರಚಂಡ ಪರಾಕ್ರಮಿ, ನನ್ನ ಗೆಳೆಯ ವೀರೇಶನ ದಿವ್ಯ ಸನ್ನಿಧಾನಕ್ಕೆ,

ನಿನ್ನ ಬೆಂಚಿನವನಾದ ಬಸವ ಮಾಡುವ ಬಿನ್ನಹ. ಸ್ವರ್ಗದಲ್ಲಿದ್ದೀಯೆಂದು ಬೀಗಬೇಡ. ನಿನ್ನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ನೆನಪಿದೆಯಾ, ಆದೋನಿಯ ಹಾಸ್ಟೆಲ್ ಕೋಣೆಯಲ್ಲಿ, ಕಾಲೇಜಿನ ಸ್ಪರ್ಧೆಗೆಂದು ಬಾಲ್ಸಾ ಮರದ ಪುಟ್ಟ ಸೇತುವೆಯ ನಕ್ಷೆ ಹಾಸಿಕೊಂಡು ಜಗಳಾಡಿದ್ದು? ಹತ್ತಿಯಷ್ಟು ಹಗುರಾದ ಮರ. ಸೇತುವೆ ಕಡಿಮೆ ತೂಗಬೇಕು, ಹೆಚ್ಚು ಹೊರಬೇಕು. ನಟ್ಟನಡುವೆ ನಾನು ನಿಲ್ಲಿಸಿದ್ದ ಜೋಡಿ ಕಡ್ಡಿಗೆ ಬೆರಳು ತೋರಿಸಿ ನೀನು, "ಭಾರ ಕೆಳಗ ತೂಗಿಬಿಟ್ರ ಇವಕ್ಕ ಕೆಲಸಾನೇ ಇಲ್ಲಲೇ. ಸುಮ್ಕ ಕುಂತಾವು, ನಿನ್ನಂಗ" ಅಂದೆ. "ನಡುಕಂಬ ಇಲ್ಲದ ಮನಿ ಎಲ್ಲ್ಯಾರ ನಿಂತೈತೇನಲೇ?" ಅಂದೆ ನಾನು. ಮರುವಾರವೇ ಕಾಮಾಲೆ ಹಿಡಿದು ನೀನು ಹೊರಟುಹೋದೆ. ವಾದದ ನಡುವೆ ಎದ್ದು ಹೋಗುವುದು ಯಾವ ಊರಿನ ನ್ಯಾಯ? ಕಡ್ಡಿ ತೆಗೆಯುವುದಿಲ್ಲ ಎಂದು ಅಂದೇ ಶಪಥ ಮಾಡಿದೆ.

ಸ್ಪರ್ಧೆಯ ಹಿಂದಿನ ದಿನ ಸೇತುವೆಯನ್ನು ನಿಮ್ಮವ್ವನಿಗೆ ತೋರಿಸಲು ಊರಿಗೆ ಒಯ್ದೆ. "ಹೊಸಾದು ಐತಿ, ಬರೇ ಹಣೀಲೆ ಹೆಂಗ ಕಳಸ್ಲಿ?" ಎನ್ನುತ್ತ ಅವ್ವ ಅರಿಸಿನ ಕಲಸಿ ಬಳಿದಳು, ಕುಂಕುಮ ಒತ್ತಿದಳು, ದೃಷ್ಟಿ ತೆಗೆದಳು. ಬೇಡ ಅನ್ನಬೇಕಿತ್ತು. ಆದರೆ ಆಕೆಯ ಮುಖ ನೋಡಿ ನಾನು…

ಕಾಲೇಜಿನಲ್ಲಿ ತೂಗಿದರೆ, ಮಿತಿಗಿಂತ ಚೂರೇ ಚೂರು ಹೆಚ್ಚು!

"ಆ ಬಣ್ಣ ಕೆರೆದು ತೆಗೀಲೇ" ಅಂದರು ಮೇಷ್ಟ್ರು.

"ತೆಗಿಯಂಗಿಲ್ಲ ಸಾರ್. ವೀರೇಶನ ಅವ್ವ ಹಚ್ಚ್ಯಾಳ."

"ಹಂಗಾದ್ರ ಹೊರಗ ಇಡು."

"ಹೊರಗೂ ಇಡಂಗಿಲ್ಲ ಸಾರ್."

ಜೇಬಿನಿಂದ ಬ್ಲೇಡು ತೆಗೆದೆ. ಎಲ್ಲರೆದುರೇ ನನ್ನ ಜೋಡಿ ಕಡ್ಡಿಯನ್ನು ಕತ್ತರಿಸಿ ಮೇಜಿನ ಮೇಲಿಟ್ಟೆ. ತೂಕ ಸರಿಹೋಯಿತು.

ಸೇತುವೆಯ ನಡುವಿಗೆ ಬಕೆಟ್ ತೂಗಿಬಿಟ್ಟು ಮರಳು ಸುರಿದರು. ಬಕೆಟ್ ತುಂಬಿತು, ಮರಳು ಹೊರಚೆಲ್ಲಿತು. ಸೇತುವೆ ಮುರಿಯಲಿಲ್ಲ ದೋಸ್ತ! ಗೆದ್ದೆವು. ನಿನ್ನ ಹೆಸರನ್ನೇ ಮೊದಲು ಕೂಗಿಸಿದೆ. "ಆತ ಈಗಿಲ್ಲಲ್ಲೋ" ಎಂದು ಮೇಷ್ಟ್ರು ತಡವರಿಸಿದಾಗ, "ಆತನ ಲೆಕ್ಕಾನೇ ಸಾರ್ ಈಗ ಮರಳು ಹೊತ್ತಿದ್ದು" ಅಂದೆ.

ನಿಮ್ಮವ್ವನ ಕುಂಕುಮಕ್ಕಾಗಿ ಸ್ವಂತ ಕಡ್ಡಿ ಬಲಿಕೊಟ್ಟವನೆಂದು ಕಾಲೇಜಿನಲ್ಲೆಲ್ಲ ನನಗೆ ಭಾರಿ ಹೆಸರು. ನಾನೂ ಎದೆ ಸೆಟೆಸಿಕೊಂಡು ಓಡಾಡುತ್ತಿದ್ದೇನೆ. ಆದರೆ ಯಾರಿಗೂ ಹೇಳಬೇಡ: ಅವರು ಮರಳು ಸುರಿಯುವಾಗ, ಒಮ್ಮೆಯಾದರೂ ನಿನ್ನ ಲೆಕ್ಕ ತಪ್ಪಲಿ, ಮುರಿದು ಬೀಳಲಿ ಎಂದೇ ನಾನು ಬೇಡಿಕೊಳ್ಳುತ್ತಿದ್ದೆ.