ಬಿಚ್ಚಿದ ಹೊಲಿಗೆ

ಪ್ರೀತಿಯ ಅಕ್ಕನಿಗೆ,

ಎಲ್ಲ ಚೆನ್ನಾಗಿದೆ ಎಂದು ಬರೆಯುವವಳಿದ್ದೆ, ಅಷ್ಟರಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಹಳೆಯ ಪುಸ್ತಕಗಳನ್ನು ದುರಸ್ತಿ ಮಾಡುವ ಈ ಕೋಣೆಗೆ ನಾನು ಮುಖ್ಯಸ್ಥೆಯಾಗಿ ಬಂದು ಮೂರು ವಾರವಾಯಿತು. ಇಲ್ಲಿನ ಹಿರಿಯ ಬೈಂಡರ್‌ಗೆ ಈಚೆಗೆ ಕೈ ನಡುಗುತ್ತದೆ. ಮೊನ್ನೆ ಸಂಜೆ ಅವರು ಹೋದ ಮೇಲೆ, ಪಾಪ, ಸ್ವಲ್ಪ ಹಗುರವಾಗಲಿ ಎಂದು ಅವರು ಅರ್ಧ ಹೊಲಿದಿಟ್ಟಿದ್ದ ಪುಸ್ತಕವನ್ನು ನಾನೇ ಹೊಲಿದು ಮುಗಿಸಿದೆ. ಬೆಳಿಗ್ಗೆ ನೋಡಿದರೆ ಅವರು ಸೂಜಿ, ದಬ್ಬಣ, ಮೇಣವನ್ನೆಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ ಮೇಜು ಒರೆಸುತ್ತಿದ್ದಾರೆ!

ಅಂಟು ಕಾಯಿಸುವಾಕೆ ನನ್ನನ್ನು ಬದಿಗೆ ಕರೆದಳು. "ಏನ್ ಮೇಡಂ, ಮೂವತ್ತು ವರ್ಷ ದುಡಿದವರನ್ನ ಹೀಗಾ ಕಳಿಸೋದು? ಇಲ್ಲಿ ಮೇಲಿನವರು ನಮ್ಮ ಕೆಲಸ ತಾವೇ ಮುಗಿಸಿದ್ರೆ, ನಾಳೆಯಿಂದ ಬರಬೇಡ ಅಂತ ಅರ್ಥ."

"ನಂಗ್ಯಾರೂ ಹೇಳಲೇ ಇಲ್ವಲ್ಲ!"

"ಎಲ್ಲರಿಗೂ ಗೊತ್ತಿರೋದನ್ನ ಯಾರು ಹೇಳ್ತಾರೆ?"

ಎಲ್ಲರೆದುರೇ ಕೂತು ನನ್ನ ಹೊಲಿಗೆಯನ್ನು ಬಿಚ್ಚಿ, ಪುಸ್ತಕವನ್ನು ಆ ಹಿರಿಯರ ಮುಂದಿಟ್ಟೆ. ಅವರು ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿ ಬದಿಗಿಟ್ಟರು. "ಬಿಚ್ಚಿದ್ದು ಒಳ್ಳೇದಾಯ್ತು, ತೀರಾ ಸಡಿಲ ಇತ್ತು" ಎಂದು ಗಂಟಿನಿಂದ ಸೂಜಿ ತೆಗೆದರು.

ಅಕ್ಕ, ಚಿಕ್ಕಂದಿನಲ್ಲಿ ನನ್ನ ಕಸೂತಿಯನ್ನು ಕೈಯಿಂದ ತೆಗೆದುಕೊಂಡು ನೀನೇ ಮುಗಿಸಿಕೊಡುತ್ತಿದ್ದೆ. ಅದು ಪ್ರೀತಿ ಎಂದು ಗೊತ್ತಿತ್ತು. ಆದರೂ ಹಿತ್ತಲಿಗೆ ಹೋಗಿ ಅಳುತ್ತಿದ್ದೆ. ನಿನಗೆ ಹೇಳಿರಲಿಲ್ಲ.

ನನ್ನ ಮಂಡಿನೋವು ಕಡಿಮೆಯಾಗಿದೆ, ಮಾತ್ರೆ ತಪ್ಪಿಸಿಲ್ಲ. ಕಾಗದದಲ್ಲಿ ಜಾಗ ಮುಗಿಯಿತು. ಕಪಾಟಿನಲ್ಲಿ ನಾನು ಬಿಟ್ಟುಬಂದ ಅರ್ಧ ಸ್ವೆಟರನ್ನು ಮಾತ್ರ ನೀನು ಮುಗಿಸಬೇಡ.

ನಿನ್ನ ತಂಗಿ