ಉತ್ತರ ಬರೋವರೆಗೂ ಹಗ್ಗ

ಪ್ರೀತಿಯ ಥ್ವಾನ್ ಅಕ್ಕ,

ಎಷ್ಟು ಮೆಸೇಜು ಹಾಕಿದ್ರೂ ನೀನು ಉತ್ತರ ಕೊಡಲ್ಲ, ಅದಕ್ಕೇ ಕಾಗದಕ್ಕೆ ಬಂದೆ. ಮೆಸೇಜಲ್ಲಾದ್ರೆ ನೀನು ಓದಿದ್ದು ಕಾಣುತ್ತೆ, ಆಮೇಲೆ ಏನೂ ಬರಲ್ಲ. ಕಾಗದದಲ್ಲಿ ಓದಿದ್ಯೋ ಇಲ್ವೋ ಅನ್ನೋದೇ ಗೊತ್ತಾಗಲ್ಲ, ಅಷ್ಟು ನೆಮ್ಮದಿ.

ನನ್ನ ಮದುವೆ ಗೊತ್ತಾಗಿದೆ. ಹುಡುಗ ದಡದೋನು, ಖಾಂಗ್ ಅಂತ, ಬೈಕ್ ರಿಪೇರಿ ಮಾಡ್ತಾನೆ. ದೋಣಿ ಹತ್ತಿದ್ರೆ ವಾಂತಿ ಮಾಡ್ಕೋತಾನೆ, ನಗಬೇಡ. ಆದ್ರೂ ನಂಗೆ ಒಂದೇ ಆಸೆ. ಗಂಡಿನ ಕಡೆಯೋರು ದೋಣೀಲೇ ಬರಬೇಕು, ನಾವು ಹಗ್ಗ ಅಡ್ಡ ಕಟ್ಟಬೇಕು, ನೀನು ನಮ್ಮ ಕಡೆಯಿಂದ ಪ್ರಶ್ನೆ ಹಾಡಬೇಕು, ಅವರು ಉತ್ತರ ಹಾಡಿದ ಮೇಲೇ ಹಗ್ಗ ಬಿಡಬೇಕು. ಅಮ್ಮ ಅಂತಾಳೆ, "ಅವಳು ಬರಲ್ಲ ಕಣೇ ಲುವಾ. ನಮ್ಮ ತೇಲೋ ಮನೆಗಳನ್ನೇ ಸರ್ಕಾರದೋರು ದಡಕ್ಕೆ ಎಳ್ಕೊಂಡು ಹೋಗಿ ಒಡೆದು ಹಾಕಿದ್ದಾಯ್ತು. ಹಗ್ಗ ಎಲ್ಲಿ ಕಟ್ತೀಯ, ಬೈಕಿಗಾ?"

ಚಿಕ್ಕೋಳಿದ್ದಾಗ ಎಲ್ಲಾ ಮದುವೇಲೂ ಮೀನು ಸಾಕೋ ಬೋನಿನ ಹಲಗೆ ಮೇಲೆ ನಮ್ಮ ನಾಯಿ ಜೊತೆ ಕೂತು ನಿನ್ನೇ ನೋಡ್ತಿದ್ದೆ. ನೀನು ಹೆಣ್ಣಿನ ದೋಣೀಲಿ, ಕಿಯೆಮ್ ಭಾವ ಗಂಡಿನ ದೋಣೀಲಿ. ಗಂಡ ಹೆಂಡತಿ ಎದುರುಬದುರು. "ಬೇರಿಲ್ಲದ ಊರು ಯಾವುದು, ಹೇಳಿ, ಆಮೇಲೆ ದಾಟಿ" ಅಂತ ನೀನು. "ಲಂಗರು ಇಳಿಸಿದ್ದೇ ನಮ್ಮೂರು, ಹಗ್ಗ ಇಳಿಸಿ" ಅಂತ ಭಾವ. ಆಮೇಲೆ ಎಲ್ಲರಿಗೂ ಕೇಳೋ ಹಾಗೆ, "ಮನೇಲಿ ಇವಳ ಒಂದು ಪ್ರಶ್ನೆಗೂ ಉತ್ತರ ಕೊಡೋಕಾಗಲ್ಲ, ಇಲ್ಲಾದ್ರೂ ಕೊಡ್ತೀನಿ ಬಿಡಿ" ಅನ್ನೋನು. ಬಿರುಗಾಳಿ ಆದ್ಮೇಲೆ ಅವನ ದೋಣಿ ಸಿಕ್ತು, ಅವನು ಸಿಗ್ಲಿಲ್ಲ.

ಅದಾದ್ಮೇಲೆ ನೀನು ಟೂರಿಸ್ಟುಗಳಿಗೆ ಹಾಡೋಕೆ ಬಂದ ದಿನ ಅವರ ಹಡಗಲ್ಲಿ ನಾನು ಹಣ್ಣು ಹೆಚ್ತಿದ್ದೆ. ಗುಹೆ ಬಾಯಲ್ಲಿ ಮದುವೆ ಹಾಡು ಇದೆ ಅಂತ ಮ್ಯಾನೇಜರ್ ಮೈಕಲ್ಲಿ ಹೇಳಿದ. ನೀನು ಅವರು ಕೂತಿದ್ದ ಬಿದಿರಿನ ದೋಣಿಗಳ ಮುಂದೆ ಹಗ್ಗ ಕಟ್ಟಿ ಪ್ರಶ್ನೆ ಹಾಡಿದೆ. ಹಾ ಲಾಂಗ್ ಕೊಲ್ಲೀಲಿ ಅಂಥ ದನಿ ಇನ್ನೊಂದಿಲ್ಲ ಅಕ್ಕ, ಇದು ಬರೀ ಫ್ಯಾನ್ ಮಾತಲ್ಲ. ಎಲ್ಲಾ ಚಪ್ಪಾಳೆ ಹೊಡೆದ್ರು. ನೀನು ಹಗ್ಗ ಬಿಡ್ಲಿಲ್ಲ.

"ಹಾಡು ಮುಗೀತಲ್ಲಮ್ಮ, ಬಿಡು. ನೀರು ಏರ್ತಿದೆ, ಗುಹೆ ಮುಚ್ಚಿಹೋಗುತ್ತೆ" ಅಂದ ಮ್ಯಾನೇಜರ್.

"ಕೇಳಿದ್ದಕ್ಕೆ ಉತ್ತರ ಬರದೆ ಬಿಡೋ ಪದ್ಧತಿ ನಮ್ಮಲ್ಲಿಲ್ಲ" ಅಂದೆ ನೀನು.

ಟೂರಿಸ್ಟುಗಳು ಇದೂ ಆಟದ ಭಾಗ ಅಂದ್ಕೊಂಡು ವಿಡಿಯೋ ಮಾಡ್ತಾನೇ ಇದ್ರು. ಮ್ಯಾನೇಜರ್ ಫೋನಲ್ಲಿ ಏನೋ ಹುಡುಕಿ ಸ್ಪೀಕರ್‌ಗೆ ಹಾಕಿದ. ಯಾವುದೋ ಹಳೇ ಮದುವೆ ವಿಡಿಯೋ. ಭಾವನ ದನಿ, ಅದೇ ಲಂಗರಿನ ಉತ್ತರ. ಸುಣ್ಣಕಲ್ಲಿನ ಗೋಡೆಗೆ ಬಡಿದು ಇನ್ನೊಂದ್ಸಲ ಬಂತು. ನೀನು ಸ್ಪೀಕರ್ ಕಡೆ ನೋಡ್ಲಿಲ್ಲ, ನೀರಿನ ಕಡೆ ನೋಡಿದೆ. ಆಮೇಲೆ, ಉತ್ತರ ಬಂತಲ್ಲ, ಹಗ್ಗ ಬಿಚ್ಚಿದೆ. ಅವತ್ತಿಂದ ನೀನು ಹಾಡಿದ್ದು ಯಾರೂ ಕೇಳಿಲ್ಲ.

ನೀನು ಬರಲ್ಲ, ಗೊತ್ತು. ಬಂದ್ರೂ ಆ ಕಡೆಯಿಂದ ಹಾಡೋರು ಯಾರೂ ಉಳಿದಿಲ್ಲ, ಅದೂ ಗೊತ್ತು. ಖಾಂಗ್‌ಗೆ ಒಂದು ಸಾಲು ಕಲಿಸಿ ನೋಡಿದೆ, ಬಸ್ ಕಂಡಕ್ಟರ್ ಥರ ಕೂಗ್ತಾನೆ. ಅವನ ಕಡೆಯೋರು ಬೈಕಲ್ಲೇ ಬರ್ತಾರೆ, ಅವನ ರಿಪೇರಿ ಅಂಗಡಿ ಹಿಂದಿನ ರೂಮಿಗೆ ನಾನು ಹೋಗ್ತೀನಿ, ಅಷ್ಟೇ ಮದುವೆ. ದಡಕ್ಕೆ ಹೋದ ಹೊಸದರಲ್ಲಿ ನೀನೇ ಅಂದಿದ್ದೆ, "ನೆಲ ಅಲ್ಲಾಡಲ್ಲ ಕಣೇ, ಮಲಗಿದ್ರೆ ಒಳಗೆ ನಾವೇ ಅಲ್ಲಾಡ್ತಾ ಇರ್ತೀವಿ" ಅಂತ. ಮನೆ ಹೋದ್ಮೇಲೂ ದೋಣೀಲೇ ಮಲಗ್ತಿದ್ದೋಳು ನಾನು, ಈಗ ನನ್ನ ಸರದಿ.

ಇರಲಿ. ಭಾವ ಇರೋ ನೀರು ತಣ್ಣಗಿರಲಿ, ನಿನ್ನ ಗಂಟಲೂ ತಣ್ಣಗಿರಲಿ.

ಯಾವತ್ತೂ ನಿನ್ನ ಫ್ಯಾನೇ,
ಲುವಾ

ಆದ್ರೆ ಹಗ್ಗ ಇಲ್ಲೇ, ಈ ಕಾಗದದ ಕೊನೇಲಿ ಅಡ್ಡ ಕಟ್ಟಿದ್ದೀನಿ ಅಕ್ಕ, ಪ್ರಶ್ನೆ ನಾನೇ ಕಟ್ಟಿದ್ದು. ಉತ್ತರ ಕೊಡದೆ ದಾಟೋ ಪದ್ಧತಿ ನಮ್ಮಲ್ಲಿಲ್ಲ. ನೀರ ಮೇಲೆ ಹುಟ್ಟಿದೋಳು ಅಲ್ಲಾಡದ ನೆಲದ ಮೇಲೆ ಹೇಗೆ ನಿದ್ದೆ ಮಾಡ್ಬೇಕು, ಹೇಳಿ ದಾಟ್ತೀಯಾ?